ಒಂದು ಬೀಚ್ ಕಪ್ಪು, ಒಂದು ಬೀಚ್ ಹಸಿರು: ಹವಾಯಿಯ ಕಾಊ ಸೀಮೆ ಹೀಗ್ಯಾಕಿದೆ?

ಹವಾಯಿಯ ದೊಡ್ಡ ದ್ವೀಪದ ದಕ್ಷಿಣ ತುದಿಯಲ್ಲಿ ಕಾಊ ಅಂತ ಒಂದು ಸೀಮೆ ಇದೆ. ಅಲ್ಲಿಗೆ ಹೋದವರ ತಲೆಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಒಂದು ಬೀಚಿನ ಮರಳು ಕಡುಗಪ್ಪು, ಅದೇ ಕರಾವಳಿಯ ಇನ್ನೊಂದು ಬೀಚಿನ ಮರಳು ಹಸಿರು, ಯಾಕೆ? ಬೆಟ್ಟದ ಮೇಲೆ ಅಷ್ಟು ಮಳೆ ಸುರಿದರೂ ಹೊಳೆ ಯಾಕೆ ಕಾಣುವುದಿಲ್ಲ? ಉಪ್ಪುನೀರಿಗೆ ಕಾಲಿಟ್ಟರೆ ನಡುನಡುವೆ ಕೊರೆಯುವಷ್ಟು ತಣ್ಣನೆ ನೀರು ಎಲ್ಲಿಂದ ಬರುತ್ತದೆ? ಒಂದು ಕಡೆ ಹಸಿರು ಕಾಫಿ ತೋಟ, ಸ್ವಲ್ಪ ಮುಂದೆ ಹೋದರೆ ಹುಲ್ಲೂ ಹುಟ್ಟದ ಕಪ್ಪು ಕಲ್ಲು, ಇದೇನಿದು? ಇಷ್ಟು ಚಂದದ ಕಡಲತೀರದಲ್ಲಿ ಸಾಲು ಸಾಲು ಹೋಟೆಲ್ ಯಾಕೆ ಎದ್ದಿಲ್ಲ?

ಇದಕ್ಕೆಲ್ಲ ಉತ್ತರ ಇದೆ. ಹೆಚ್ಚಿನವು ಒಂದೇ ಕಡೆ ಹೋಗಿ ನಿಲ್ಲುತ್ತವೆ, ಜ್ವಾಲಾಮುಖಿಯ ಹತ್ತಿರ. ಅಲ್ಲಿನ ನೆಲ ಹೇಗಾಯಿತು ಅಂತ ಗೊತ್ತಾದರೆ, ಅದರ ಮೇಲೆ ಹೇಗೆ ಓಡಾಡಬೇಕು ಅಂತ ಯಾರೂ ಬೋರ್ಡ್ ಹಾಕಿ ಹೇಳಬೇಕಾಗಿಲ್ಲ. ಅದಕ್ಕೇ ಇಲ್ಲಿ ಹೋಟೆಲ್ ಬುಕಿಂಗ್‌ಗಿಂತ ಮೊದಲು ಕಲ್ಲು, ನೀರು, ಬೂದಿಯ ವಿಷಯ ಹೇಳುತ್ತಿದ್ದೇನೆ.

ಮೊದಲು ಜಾಗ ಎಲ್ಲಿದೆ ನೋಡೋಣ. ಹಳೇ ಕಾಲದಿಂದಲೂ ಈ ದ್ವೀಪವನ್ನು ಆರು ಸೀಮೆಗಳಾಗಿ ಹಂಚಿದ್ದಾರೆ: ಕೊಹಾಲಾ, ಕೋನಾ, ಕಾಊ, ಪೂನಾ, ಹೀಲೋ, ಹಾಮಾಕುವಾ. ಕಾಊ ಅವುಗಳಲ್ಲಿ ದೊಡ್ಡದು, ಸುಮಾರು 2,400 ಚದರ ಕಿಲೋಮೀಟರ್. ಅಂದರೆ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ಸ್ವಲ್ಪ ದೊಡ್ಡದು. ಅಲ್ಲಿರುವ ಜನ ಹತ್ತು ಸಾವಿರವೂ ಇಲ್ಲ. ಪಾಹಲಾ, ನಾಲೇಹು, ವಾಯೋಹಿನು, ಓಷನ್ ವ್ಯೂ ಅಂತ ಕೆಲವೇ ಊರುಗಳು. ಇವನ್ನೆಲ್ಲ ಜೋಡಿಸುವ ದೊಡ್ಡ ರಸ್ತೆ ಒಂದೇ, 11ನೇ ನಂಬರ್ ಹೆದ್ದಾರಿ. ಸೀಮೆಯ ಕಟ್ಟಕಡೆಯ ಮೂಲೆ ಕಾ ಲಾಯ್, ಅಮೆರಿಕದ 50 ರಾಜ್ಯಗಳಲ್ಲೇ ದಕ್ಷಿಣದ ತುದಿ. ದಕ್ಷಿಣದ ತುದಿ ಅಂದರೂ ಅದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ನಮ್ಮ ಬೀದರಿಗಿಂತ ಸ್ವಲ್ಪ ಮೇಲೆ, ಮುಂಬೈಯ ನೇರಕ್ಕೆ.

ನೆಲ ಇನ್ನೂ ಹುಟ್ಟುತ್ತಿದೆ

ಭೂಮಿಯ ಒಳಗೆ ಕೆಲವು ಕಡೆ ಬಿಸಿ ಬಹಳ ಆಳದಿಂದ ಮೇಲೆ ಬರುತ್ತಲೇ ಇರುತ್ತದೆ. ಅಂಥ ಜಾಗಕ್ಕೆ ಹಾಟ್‌ಸ್ಪಾಟ್ ಅನ್ನುತ್ತಾರೆ. ಹವಾಯಿಯ ಕೆಳಗೆ ಅಂಥದ್ದೊಂದಿದೆ. ಅದರ ಮೇಲಿರುವ ಪೆಸಿಫಿಕ್ ಸಾಗರದ ತಳ ವರ್ಷಕ್ಕೆ 7ರಿಂದ 10 ಸೆಂಟಿಮೀಟರ್ ವಾಯವ್ಯಕ್ಕೆ ಜರುಗುತ್ತದೆ. ಕೆಳಗಿನ ಬಿಸಿ ಅಲ್ಲೇ ಇರುತ್ತದೆ, ಮೇಲಿನ ನೆಲ ಸರಿಯುತ್ತಾ ಹೋಗುತ್ತದೆ, ಹಾಗಾಗಿ ಒಂದರ ಹಿಂದೆ ಒಂದು ದ್ವೀಪ ಹುಟ್ಟುತ್ತದೆ. ವಾಯವ್ಯದ ಕಡೆಗಿರುವ ಕವಾಯಿ ದ್ವೀಪಕ್ಕೆ ಸುಮಾರು 50 ಲಕ್ಷ ವರ್ಷ. ದೊಡ್ಡ ದ್ವೀಪ ಇವುಗಳಲ್ಲೆಲ್ಲ ಎಳೆಯದು, ಅದರಲ್ಲೂ ಆಗ್ನೇಯದ ಅಂಚು ತೀರಾ ಎಳೆಯದು. ಕಾಊ ಇರುವುದು ಈ ಅಂಚಿನಲ್ಲೇ. ಉತ್ತರಕ್ಕೆ 4,169 ಮೀಟರ್ ಎತ್ತರದ ಮೌನಾ ಲೋವಾ, ಪಕ್ಕದಲ್ಲಿ ಕಿಲಾವೇಯಾ. ಎರಡೂ ಜೀವಂತ ಜ್ವಾಲಾಮುಖಿಗಳು. ಮೌನಾ ಲೋವಾ 38 ವರ್ಷ ಸುಮ್ಮನಿದ್ದು 2022ರ ನವೆಂಬರಿನಲ್ಲಿ ಮತ್ತೆ ಉಕ್ಕಿತು. ಕಿಲಾವೇಯಾ ಅಷ್ಟು ಕಾಲ ಕಾಯುವ ಪೈಕಿ ಅಲ್ಲ. 2024ರ ಡಿಸೆಂಬರಿನಿಂದ ಅದರ ನೆತ್ತಿಯಲ್ಲಿ ಬಿಟ್ಟು ಬಿಟ್ಟು ಲಾವಾ ಕಾರಂಜಿ ಚಿಮ್ಮಲು ಶುರುವಾಯಿತು.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಕಾಊ ದಡದಲ್ಲಿ ನಿಂತು ಸಮುದ್ರದ ಕಡೆ ನೋಡಿದರೆ ಬರೀ ನೀರು ಕಾಣುತ್ತದೆ ಅಲ್ವಾ, ಆ ನೀರಿನಡಿ, ದಡದಿಂದ ಬರೀ ಮೂವತ್ತು ಮೂವತ್ತೈದು ಕಿಲೋಮೀಟರ್ ಆಚೆ, ಮುಂದಿನ ದ್ವೀಪ ಆಗಲೇ ಬೆಳೆಯುತ್ತಿದೆ. ಅದರ ಹೆಸರು ಕಮಾಎಹುವಾಕನಲೋವಾ, ಮೊದಲು ಲೋಯಿಹಿ ಅನ್ನುತ್ತಿದ್ದರು. ಅದರ ತುದಿ ಇನ್ನೂ ನೀರಿನಿಂದ ಸುಮಾರು ಒಂದು ಕಿಲೋಮೀಟರ್ ಕೆಳಗಿದೆ. ಮೇಲೆ ಬರಲು ಹತ್ತಾರು ಸಾವಿರ ವರ್ಷ ಬೇಕು.

ಇದು ನಮಗೆ ತೀರಾ ಹೊರಗಿನ ಕಥೆಯೂ ಅಲ್ಲ. ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕಪ್ಪು ಕಲ್ಲು ಇದೆಯಲ್ಲ, ಅದೂ ಲಾವಾ ಹರಿದು ಗಟ್ಟಿಯಾದ ಬಸಾಲ್ಟೇ. ಸುಮಾರು 6.6 ಕೋಟಿ ವರ್ಷದ ಹಿಂದೆ ಭಾರತದ ನೆಲ ಒಂದು ಹಾಟ್‌ಸ್ಪಾಟ್ ಮೇಲೆ ಹಾದುಹೋಗುವಾಗ ಅದು ಹರಿಯಿತು, ಆ ಹಾಟ್‌ಸ್ಪಾಟ್ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಡಿ ಇದೆ ಅನ್ನುವುದು ಹೆಚ್ಚಿನ ಭೂವಿಜ್ಞಾನಿಗಳ ಅಭಿಪ್ರಾಯ. ನಮ್ಮಲ್ಲಿ ಆ ಕಲ್ಲು ಸವೆದು ಸವೆದು ಜೋಳ ಬೆಳೆಯುವ ಎರೆಮಣ್ಣಾಗಿದೆ. ಕಾಊನಲ್ಲಿ ಆ ಕೆಲಸ ಈಗಿನ್ನೂ ಶುರುವಾಗಿದೆ.

ಕಪ್ಪು ಮರಳು

ಪಾಹಲಾ ಮತ್ತು ನಾಲೇಹು ಊರುಗಳ ನಡುವೆ ಹೆದ್ದಾರಿಯಿಂದ ಕೆಳಗಿಳಿದರೆ ಪುನಲೂ ಬೀಚ್. ಹಿಂದೆ ತೆಂಗಿನ ಮರಗಳು, ಮುಂದೆ ಕಪ್ಪು ಮರಳು. ಫೋಟೋ ತೆಗೆದು ಐದು ನಿಮಿಷಕ್ಕೆ ಹೊರಡುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಕೂತುಕೊಂಡು ಒಂದು ಹಿಡಿ ಮರಳನ್ನು ಅಂಗೈ ಮೇಲೆ ಹರಡಿ, ಬಿಸಿಲಿಗೆ ಸ್ವಲ್ಪ ಓರೆ ಮಾಡಿ ನೋಡಿ. ಕೆಲವು ಹರಳು ಮಿರಿಮಿರಿ ಮಿಂಚುತ್ತವೆ, ಅಂಚು ಚೂಪಾಗಿರುತ್ತದೆ. ಅದು ಗಾಜು. ಕೆಲವು ಮಂಕಾಗಿ ಗುಂಡಗಿರುತ್ತವೆ. ಅವು ದಡದ ಕಪ್ಪು ಕಲ್ಲನ್ನು ಅಲೆ ಜಜ್ಜಿ ಜಜ್ಜಿ ಮಾಡಿದ ಪುಡಿ. ಅಲ್ಲೊಂದು ಇಲ್ಲೊಂದು ಬಿಳಿ ಚೂರು ಸಿಕ್ಕರೆ ಅದು ಹವಳ ಅಥವಾ ಚಿಪ್ಪು.

ಆ ಗಾಜು ಆಗುವ ಬಗೆ ಹೀಗೆ. ಲಾವಾ ಸಾವಿರ ಡಿಗ್ರಿಗೂ ಹೆಚ್ಚು ಬಿಸಿ ಇರುವಾಗಲೇ ಸಮುದ್ರಕ್ಕೆ ಬೀಳುತ್ತದೆ. ಮುಟ್ಟಿದ ನೀರು ಆ ಕ್ಷಣವೇ ಆವಿಯಾಗಿ ಸಿಡಿಯುತ್ತದೆ. ಲಾವಾಕ್ಕೆ ನಿಧಾನವಾಗಿ ಆರಿ ಹರಳುಗಟ್ಟಲು ಸಮಯವೇ ಸಿಗುವುದಿಲ್ಲ, ಗಾಜಾಗಿ ಗಟ್ಟಿಯಾಗಿ ಚೂರುಚೂರಾಗುತ್ತದೆ. ಆ ಚೂರುಗಳನ್ನು ಅಲೆ ಹೊತ್ತು ತಂದು ಹತ್ತಿರದ ಕೊಲ್ಲಿಯಲ್ಲಿ ಒಟ್ಟುತ್ತದೆ. ಒಂದು ಬೀಚ್ ತಯಾರಾಗಲು ವರ್ಷಾನುಗಟ್ಟಲೆ ಕಾಯಬೇಕಾಗಿಲ್ಲ. ಪಕ್ಕದ ಪೂನಾ ಸೀಮೆಯಲ್ಲಿ 2018ರ ಲಾವಾ ಸಮುದ್ರ ಸೇರಿದಾಗ ಪೊಹೊಯಿಕಿ ಅನ್ನುವಲ್ಲಿ ನೋಡನೋಡುತ್ತಿದ್ದಂತೆ ಹೊಸ ಕಪ್ಪು ಬೀಚ್ ಎದ್ದಿತು. ಅದೇ ಪೂನಾದಲ್ಲಿ ಕೈಮೂ ಅನ್ನುವ ಹೆಸರಾಂತ ಕಪ್ಪು ಬೀಚ್ 1990ರಲ್ಲಿ ಲಾವಾದಡಿ ಹೂತುಹೋಗಿತ್ತು. ಹೀಗೆ ಕೊಡುವುದೂ ಅದೇ, ಮುಚ್ಚುವುದೂ ಅದೇ.

ಇಲ್ಲಿ ಮುಖ್ಯವಾದ ವಿಷಯ ಏನಂದರೆ, ನಮ್ಮ ಕರಾವಳಿಯಲ್ಲಿ ಪ್ರತಿ ಮಳೆಗಾಲ ಹೊಳೆಗಳು ಹೊಸ ಮರಳು ತಂದು ಹಾಕುತ್ತವೆ. ಪುನಲೂಗೆ ಹಾಗೆ ತಂದು ಹಾಕುವವರು ಯಾರೂ ಇಲ್ಲ. ಈಗ ಹತ್ತಿರದಲ್ಲಿ ಲಾವಾ ಸಮುದ್ರಕ್ಕೆ ಬೀಳುತ್ತಿಲ್ಲ, ಇರುವ ಮರಳು ಅಲೆಗೆ ಸವೆದು ಆಳಕ್ಕೆ ಜಾರುತ್ತಲೇ ಇರುತ್ತದೆ. ಅಲ್ಲಿಂದ ಮರಳು, ಕಲ್ಲು ತಗೊಂಡು ಬರಬಾರದು ಅನ್ನುವುದು ಕಾನೂನು. ಜ್ವಾಲಾಮುಖಿ ದೇವತೆ ಪೇಲೆಯ ಸೊತ್ತು ಅದು, ಮುಟ್ಟಬಾರದು ಅನ್ನುವುದು ಅಲ್ಲಿಯ ಜನರ ನಂಬಿಕೆ. ನನ್ನ ಮಟ್ಟಿಗೆ ಬರೀ ಲೆಕ್ಕ ನೋಡಿದರೂ ಸಾಕು: ಬಾಟಲಿಯಲ್ಲಿ ಹೋದ ಮರಳಿನ ಜಾಗಕ್ಕೆ ಬೇರೆ ಮರಳು ಬರುವುದಿಲ್ಲ. ನೋಡಿದ ಹಿಡಿಯನ್ನು ಅಲ್ಲೇ ಬಿಟ್ಟು, ಕೈ ಕೊಡವಿಕೊಂಡು ಏಳಿ.

ಹೊಳೆ ಇಲ್ಲದ ಸೀಮೆ, ಸಮುದ್ರದೊಳಗಿನ ಸಿಹಿನೀರು

ಪುನಲೂವಿನಲ್ಲಿ ನೀರಿಗಿಳಿದವರು ಮೊದಲು ಬೆಚ್ಚಿಬೀಳುವುದು ತಣ್ಣನೆ ನೀರಿಗೆ. ಮೊಣಕಾಲಿನವರೆಗೆ ಬೆಚ್ಚಗಿದ್ದ ಸಮುದ್ರ ಒಂದು ಹೆಜ್ಜೆ ಇಟ್ಟ ಕೂಡಲೇ ಚಳಿ ಹಿಡಿಸುತ್ತದೆ. ಆ ಜಾಗದಲ್ಲಿ ನೀರು ತೆಳ್ಳಗೆ ನಡುಗಿದ ಹಾಗೆ ಕಾಣುತ್ತದೆ, ಕೆಳಗಿನ ಕಲ್ಲು ಮಸುಕಾಗುತ್ತದೆ. ಸಿಹಿನೀರು ಉಪ್ಪುನೀರಿನ ಜೊತೆ ಬೆರೆಯುವಾಗ ಬೆಳಕು ಬಾಗಿ ಹಾಯುವುದರಿಂದ ಹಾಗಾಗುತ್ತದೆ.

ಆ ನೀರು ಬಂದದ್ದು ಮೇಲಿನ ಬೆಟ್ಟದಿಂದ. ಮೌನಾ ಲೋವಾದ ಕಾಊ ಮಗ್ಗುಲಿನ ಕಾಡಿನ ಮೇಲೆ ಚೆನ್ನಾಗಿಯೇ ಮಳೆ ಬೀಳುತ್ತದೆ. ಆದರೆ ಎಳೆಯ ಲಾವಾ ಅಂದರೆ ತುಂಬಾ ತೂತು, ಬಿರುಕು, ಒಳಗೆ ಟೊಳ್ಳು ಸುರಂಗ. ಬಿದ್ದ ನೀರು ಮೇಲೆ ನಿಲ್ಲುವುದೂ ಇಲ್ಲ, ಹರಿಯುವುದೂ ಇಲ್ಲ, ನೇರ ಒಳಗಿಳಿಯುತ್ತದೆ. ಹೆದ್ದಾರಿಯಲ್ಲಿ ಸೇತುವೆ ದಾಟುವಾಗ ಕೆಳಗೆ ಬಗ್ಗಿ ನೋಡಿದರೆ ಹೆಚ್ಚಿನ ದಿನ ಒಣ ಕಲ್ಲೇ ಕಾಣುವುದು. ಜೋರು ಮಳೆ ಬಂದ ದಿನ ಮಾತ್ರ ಅದೇ ಹಳ್ಳ ರಸ್ತೆ ಮುಳುಗಿಸುತ್ತದೆ.

ಒಳಗಿಳಿದ ನೀರು ಎಲ್ಲಿ ನಿಲ್ಲುತ್ತದೆ? ದ್ವೀಪದ ಬುಡದ ಕಲ್ಲಿನೊಳಗೂ ಸಮುದ್ರದ ನೀರು ನುಗ್ಗಿರುತ್ತದೆ. ಸಿಹಿನೀರು ಅದಕ್ಕಿಂತ ಸ್ವಲ್ಪ ಹಗುರ, ನೂರಕ್ಕೆ ಸುಮಾರು ಎರಡೂವರೆ ಪಾಲು ಅಷ್ಟೇ ವ್ಯತ್ಯಾಸ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವ ಹಾಗೆ ಅದು ಉಪ್ಪುನೀರಿನ ಮೇಲೆ ತೇಲುತ್ತದೆ. ಲೆಕ್ಕ ಹೇಳುವುದಾದರೆ, ಸಮುದ್ರ ಮಟ್ಟದಿಂದ 1 ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು 40 ಮೀಟರ್ ಆಳದವರೆಗೂ ಸಿಹಿನೀರೇ ಇರುತ್ತದೆ. ಮೇಲಿಂದ ಹೊಸ ನೀರು ಒತ್ತುತ್ತಿದ್ದಂತೆ ಹಳೇ ನೀರು ನಿಧಾನವಾಗಿ ಕಡಲಿನ ಕಡೆ ಸರಿದು, ದಡದಲ್ಲಿ ಅಥವಾ ದಡ ದಾಟಿ ನೀರಿನಡಿ ಒರತೆಯಾಗಿ ಹೊಮ್ಮುತ್ತದೆ. ಹಳೇ ಕಾಲದ ಹವಾಯಿ ಜನ ಸೋರೆ ಬುರುಡೆ ಹಿಡಿದು ಸಮುದ್ರದಲ್ಲಿ ಮುಳುಗಿ, ಒರತೆಯ ಬಾಯಿಗೆ ಬುರುಡೆ ಒಡ್ಡಿ ಕುಡಿಯುವ ನೀರು ತುಂಬಿಸಿಕೊಳ್ಳುತ್ತಿದ್ದರು. ಕುಡಿಯುವ ನೀರಿಗೆ ಕಡಲಿಗೆ ಧುಮುಕಬೇಕು ಅಂತ ಕಂಡುಕೊಂಡವರು ಈ ನೆಲವನ್ನು ಎಷ್ಟು ಬಲ್ಲವರಾಗಿರಬೇಕು!

ಅದೇ ಕಾರಣಕ್ಕೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮೇಲೆ ಬೆಟ್ಟದಲ್ಲಿ ಚೆಲ್ಲಿದ್ದು ಕೆಳಗೆ ಒರತೆಯಲ್ಲಿ ಬರುತ್ತದೆ, ನಡುವೆ ಸೋಸುವ ದಪ್ಪ ಮಣ್ಣಿಲ್ಲ. ಕರಾವಳಿಯಲ್ಲಿ ದೊಡ್ಡ ರೆಸಾರ್ಟ್, ಅದರ ಕೊಳಚೆ, ಗಾಲ್ಫ್ ಮೈದಾನದ ಗೊಬ್ಬರ ಅಂದಾಗ ಊರಿನವರು ಯಾಕೆ ತಲೆಕೆಡಿಸಿಕೊಳ್ಳುತ್ತಾರೆ ಅಂತ ಈಗ ಅರ್ಥವಾಗುತ್ತದೆ.

ಪುನಲೂವಿನ ಮರಳ ಮೇಲೆ ಹಗಲಿನಲ್ಲೇ ದೊಡ್ಡ ಹಸಿರು ಕಡಲಾಮೆಗಳು ಬಂದು ಮಲಗುತ್ತವೆ. ಅಲ್ಲಿಯವರು ಹೊನು ಅನ್ನುತ್ತಾರೆ. ಅವು ಸತ್ತಿಲ್ಲ, ಕಷ್ಟದಲ್ಲೂ ಇಲ್ಲ, ಮೈ ಕಾಯಿಸಿಕೊಳ್ಳುತ್ತಿರುತ್ತವೆ. ನೀರಿಗೆ ತಳ್ಳಲು ಹೋಗಬೇಡಿ, ನೀರು ಸುರಿಯಬೇಡಿ, ಮೂರು ಮೀಟರ್ ದೂರ ಇರಿ. ಮೊಟ್ಟೆ ಇಡಲು ಇವುಗಳಲ್ಲಿ ಬಹುಪಾಲು ಇಲ್ಲಿಂದ ನೂರಾರು ಕಿಲೋಮೀಟರ್ ವಾಯವ್ಯದ ಪುಟ್ಟ ಮರಳ ದಿಬ್ಬಗಳಿಗೆ ಈಜಿಕೊಂಡು ಹೋಗುತ್ತವೆ. ಆ ದಿಬ್ಬಗಳಲ್ಲಿ ಒಂದಾದ ಈಸ್ಟ್ ಐಲೆಂಡ್ 2018ರ ಚಂಡಮಾರುತಕ್ಕೆ ಹೆಚ್ಚುಕಡಿಮೆ ಪೂರ್ತಿ ಕೊಚ್ಚಿಹೋಯಿತು. ಇನ್ನೊಂದು ಜಾತಿ ಹಾಕ್ಸ್‌ಬಿಲ್ ಆಮೆ, ಇವುಗಳ ಸಂಖ್ಯೆ ತೀರಾ ಕಡಿಮೆ. ಹವಾಯಿಯಲ್ಲಿ ಅವು ಮೊಟ್ಟೆ ಇಡುವುದು ಹೆಚ್ಚಾಗಿ ಇದೇ ಕಾಊ ಕರಾವಳಿಯಲ್ಲಿ, ರಾತ್ರಿ ಹೊತ್ತು. ರಾತ್ರಿ ಬೀಚಿನಲ್ಲಿ ಟಾರ್ಚ್, ಬೆಂಕಿ ಬೇಡ ಅನ್ನುವುದು ಅದಕ್ಕೇ.

ಹಸಿರು ಮರಳು

ಕಾ ಲಾಯ್ ಕಡೆ ಹೋಗುವ ಕವಲು ರಸ್ತೆ ಸುಮಾರು 19 ಕಿಲೋಮೀಟರ್, ಬಹುಪಾಲು ಒಂದೇ ಗಾಡಿಯ ಅಗಲ. ಗಾಳಿ ಎಷ್ಟು ಜೋರು ಅಂದರೆ ಮರಗಳು ಒಂದೇ ಕಡೆ ಬಾಗಿಯೇ ಬೆಳೆದಿವೆ. ರಸ್ತೆ ಮುಗಿದ ಮೇಲೆ ಕಡಲಂಚಿನಲ್ಲಿ ಸುಮಾರು 4 ಕಿಲೋಮೀಟರ್ ನಡೆದರೆ ಪಪಕೋಲೆಯಾ.

ಬೀಚ್ ಹಸಿರಾಗಲು ಕಾರಣ ಆಲಿವಿನ್ ಅನ್ನುವ ಖನಿಜ. ಮೆಗ್ನೀಸಿಯಂ, ಕಬ್ಬಿಣ, ಸಿಲಿಕಾ ಸೇರಿ ಆದದ್ದು. ಇದರ ಒಳ್ಳೆಯ ಹರಳನ್ನೇ ಪೆರಿಡಾಟ್ ಅಂತ ಉಂಗುರಕ್ಕೆ ಕೂರಿಸುತ್ತಾರೆ. ಮ್ಯಾಗ್ಮಾ, ಅಂದರೆ ನೆಲದೊಳಗಿನ ಕರಗಿದ ಕಲ್ಲು, ತಣ್ಣಗಾಗುವಾಗ ಎಲ್ಲಕ್ಕಿಂತ ಮೊದಲು ಹರಳುಗಟ್ಟುವ ಖನಿಜಗಳಲ್ಲಿ ಇದೂ ಒಂದು. ಪಪಕೋಲೆಯಾದ ಬೆನ್ನಿಗಿರುವ ಪೂ ಮಹಾನಾ ಗುಡ್ಡ ಸುಮಾರು 49,000 ವರ್ಷದ ಹಿಂದೆ ಮೌನಾ ಲೋವಾದ ನೈರುತ್ಯ ಬಿರುಕಿನ ಸಾಲಿನಲ್ಲಿ ಸಿಡಿದು ಆದದ್ದು. ಅದರ ಬೂದಿಯಲ್ಲಿ ಆಲಿವಿನ್ ತುಂಬಿದೆ. ಸಮುದ್ರ ಆ ಗುಡ್ಡವನ್ನು ಒಂದು ಕಡೆಯಿಂದ ಕೊರೆಯುತ್ತಾ ಬಂತು. ಹಗುರ ಬೂದಿ, ಗಾಜಿನ ಪುಡಿ ಅಲೆಯ ಜೊತೆ ಹೋಯಿತು. ಆಲಿವಿನ್ ತೂಕ ಜಾಸ್ತಿ, ಅದು ಅಲ್ಲೇ ತಳಕ್ಕೆ ಕೂತಿತು. ಭತ್ತ ತೂರಿದಾಗ ಜೊಳ್ಳು ಹಾರಿ ಕಾಳು ಉಳಿಯುವ ಕೆಲಸವನ್ನು ಇಲ್ಲಿ ಅಲೆಯೇ ಮಾಡಿದೆ.

ಹಾಗಾದರೆ ಪ್ರಪಂಚದಲ್ಲೆಲ್ಲ ಹಸಿರು ಬೀಚ್ ಯಾಕಿಲ್ಲ? ಬಸಾಲ್ಟ್ ಇರುವ ಎಷ್ಟೋ ಕಡೆ ಆಲಿವಿನ್ ಇರುತ್ತದಲ್ಲ? ಆಲಿವಿನ್ ಭೂಮಿಯ ಆಳದ ಬಿಸಿಯಲ್ಲಿ ಹುಟ್ಟಿದ್ದು, ಮೇಲಿನ ಗಾಳಿ ನೀರು ಅದಕ್ಕೆ ಆಗಿಬರುವುದಿಲ್ಲ. ಬೇಗ ತುಕ್ಕಿನ ಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ. ಹೊಸ ಆಲಿವಿನ್ ಸತತವಾಗಿ ಬೀಳುತ್ತಿರಬೇಕು, ಅದನ್ನು ಬೇರ್ಪಡಿಸುವ ಅಲೆಯೂ ಇರಬೇಕು, ಜೊತೆಗೆ ಬೇರೆ ಮರಳು ಬಂದು ಸೇರದ ಹಾಗೆ ಕೊಲ್ಲಿ ಚಿಕ್ಕದಾಗಿರಬೇಕು. ಮೂರೂ ಒಟ್ಟಿಗೆ ಕೂಡಿಬರುವ ಜಾಗ ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು. ಗುಡ್ಡ ಸವೆದು ಮುಗಿದ ದಿನ ಪಪಕೋಲೆಯಾದ ಹಸಿರೂ ಮುಗಿಯುತ್ತದೆ.

ಇಲ್ಲಿಗೆ ಹೇಗೆ ಹೋಗಬೇಕು ಅನ್ನುವುದರಲ್ಲಿ ನನ್ನ ಅಭಿಪ್ರಾಯ ಗಟ್ಟಿ: ನಡೆದೇ ಹೋಗಿ. ಈ ಜಾಗ ಹವಾಯಿ ಮೂಲನಿವಾಸಿಗಳಿಗಾಗಿ 1921ರ ಕಾಯ್ದೆಯಂತೆ ತೆಗೆದಿಟ್ಟ ಭೂಮಿ. ಬೀಚಿಗೆ ಡಾಂಬರು ರಸ್ತೆ ಇಲ್ಲ. ಗಾಡಿಗಳು ಒಂದು ಜಾಡು ಹಾಳಾದಾಗ ಪಕ್ಕದಲ್ಲಿ ಇನ್ನೊಂದು, ಅದು ಹಾಳಾದಾಗ ಮತ್ತೊಂದು ಮಾಡಿಕೊಳ್ಳುತ್ತಾ ಹೋಗಿ, ಆಳೆತ್ತರದ ಕೊರಕಲುಗಳು ಬಿದ್ದಿವೆ. ಹಿಡಿದಿಡುವ ಹುಲ್ಲು ಹೋದ ಮೇಲೆ ಬೂದಿಮಣ್ಣು ಗಾಳಿಗೆ ಹಾರಿ ಹೋಗುತ್ತದೆ. ಅದೇ ಮಣ್ಣಿನಲ್ಲಿ ಹಿಂದಿನವರ ಮನೆ, ಗುಡಿ, ಸಮಾಧಿಗಳ ಗುರುತುಗಳೂ ಇವೆ. ಊರಿನ ಕೆಲವರು ಪಿಕಪ್‌ನಲ್ಲಿ ಕರೆದುಕೊಂಡು ಹೋಗುತ್ತಾರೆ ನಿಜ, ಅದು ಅವರ ಹೊಟ್ಟೆಪಾಡು, ಅವರನ್ನು ದೂರುವುದು ನನ್ನ ಉದ್ದೇಶ ಅಲ್ಲ. ನಡೆಯಲು ಕಾಲಿದ್ದವರು ನಡೆದರೆ ಆ ನೆಲಕ್ಕೆ ಅಷ್ಟರಮಟ್ಟಿಗೆ ಒಳ್ಳೆಯದು. ನೆರಳು ಒಂದು ಚೂರೂ ಇಲ್ಲ, ನೀರು ಜಾಸ್ತಿ ಒಯ್ಯಿರಿ.

ಕಾ ಲಾಯ್ ತುದಿಯಲ್ಲಿ ಬಂಡೆಗೆ ಕೊರೆದ ತೂತುಗಳನ್ನು ಹುಡುಕಿ ನೋಡಿ. ಹಿಂದಿನ ಮೀನುಗಾರರು ದೋಣಿಯ ಹಗ್ಗವನ್ನು ಈ ತೂತುಗಳಿಗೆ ಕಟ್ಟಿ ಆಳದ ನೀರಿನಲ್ಲಿ ಮೀನು ಹಿಡಿಯುತ್ತಿದ್ದರು. ಹಗ್ಗ ಕಟ್ಟದಿದ್ದರೆ ಸೆಳೆತ ದೋಣಿಯನ್ನು ನೇರ ನಡುಗಡಲಿಗೆ ಒಯ್ಯುತ್ತಿತ್ತು. ಅಲ್ಲೇ ಪಕ್ಕದಲ್ಲಿ ಜನ ಬಂಡೆಯಿಂದ ಸಮುದ್ರಕ್ಕೆ ಹಾರುವ ವಿಡಿಯೋ ನೀವು ನೋಡಿರಬಹುದು. ಆ ತೂತುಗಳನ್ನು ಕೊರೆದವರು ಹುಟ್ಟು ಈಜುಗಾರರು, ಅವರೇ ಆ ನೀರನ್ನು ನಂಬಲಿಲ್ಲ. ನೀವು ಹಾರಬೇಡಿ.

ಬೂದಿ ಕೊಟ್ಟದ್ದು, ಬೂದಿ ತಗೊಂಡದ್ದು

ಕಾಊನಲ್ಲಿ ತೋಟ ಎಲ್ಲಿ, ಬರಡು ಎಲ್ಲಿ ಅನ್ನುವುದನ್ನು ತೀರ್ಮಾನಿಸುವುದು ಬೂದಿ. ಸಾವಿರಾರು ವರ್ಷಗಳ ಹಿಂದಿನ ಸ್ಫೋಟಗಳ ಬೂದಿ ಪಾಹಲಾ ಸುತ್ತಮುತ್ತ ದಪ್ಪನಾಗಿ ಕೂತಿದೆ. ಭೂವಿಜ್ಞಾನಿಗಳು ಅದನ್ನು ಪಾಹಲಾ ಬೂದಿ ಅಂತಲೇ ಕರೆಯುತ್ತಾರೆ. ಕಲ್ಲು ಮಣ್ಣಾಗಲು ಯುಗ ಬೇಕು, ಪುಡಿಯಾಗಿಯೇ ಬಂದ ಬೂದಿಗೆ ಅಷ್ಟು ಕಾಲ ಬೇಡ. ಅದರ ಮೇಲೆ ಹೊಸ ಲಾವಾ ಹರಿದ ಕಡೆ ಬರಡು, ಹರಿಯದೆ ಉಳಿದ ಕಡೆ ಹಸಿರು. ಅಷ್ಟೇ ಗುಟ್ಟು.

ಆ ಬೂದಿಯೇ 1868ರಲ್ಲಿ ಜೀವ ತೆಗೆಯಿತು. ಆ ವರ್ಷ ಮಾರ್ಚ್ ಕೊನೆಯಲ್ಲಿ ಮೌನಾ ಲೋವಾ ಎದ್ದಿತು. ನೆಲ ದಿನಗಟ್ಟಲೆ ನಡುಗಿತು. ಏಪ್ರಿಲ್ 2ರಂದು ಸುಮಾರು 7.9 ತೀವ್ರತೆಯ ಭೂಕಂಪ, ಹವಾಯಿಯ ದಾಖಲೆಯಲ್ಲಿ ಅದೇ ಅತಿ ದೊಡ್ಡದು. ಪಾಹಲಾ ಮೇಲಿನ ಕಣಿವೆಯಲ್ಲಿ ಮಳೆನೀರು ಕುಡಿದು ತೊಯ್ದಿದ್ದ ಬೂದಿಮಣ್ಣು ಗುಡ್ಡದಿಂದ ಕಳಚಿ ನುಗ್ಗಿ 31 ಜನರನ್ನು ಮುಚ್ಚಿಹಾಕಿತು. ಕಡಲ ದಡದಲ್ಲಿ ಸುನಾಮಿಗೆ 46 ಜನ ಸತ್ತರು, ಪುನಲೂ ಸೇರಿ ಕರಾವಳಿಯ ಹಳ್ಳಿಗಳೇ ಅಳಿಸಿಹೋದವು. ಐದು ದಿನ ಬಿಟ್ಟು ನೈರುತ್ಯ ಬಿರುಕಿನಿಂದ ಲಾವಾ ಹೊರಬಿತ್ತು. ಇಂದು ಖಾಲಿ ಕಾಣುವ ಈ ಕರಾವಳಿಯಲ್ಲಿ ಒಂದು ಕಾಲಕ್ಕೆ ಊರುಗಳಿದ್ದವು ಅನ್ನುವುದು ನೆನಪಿರಲಿ.

1975ರ ನವೆಂಬರ್ 29ರಂದು ಹೀಗೇ ಮತ್ತೊಂದು ದೊಡ್ಡ ಭೂಕಂಪ ಆಯಿತು. ಕರಾವಳಿಯ ಒಂದು ಭಾಗ ಮೂರು ಮೀಟರಿಗೂ ಹೆಚ್ಚು ಕುಸಿಯಿತು, ಹಲಾಪೆ ದಡದಲ್ಲಿ ಬಿಡಾರ ಹೂಡಿದ್ದವರಲ್ಲಿ ಇಬ್ಬರು ಸುನಾಮಿಗೆ ಸಿಕ್ಕಿ ಸತ್ತರು. ಭೂಕಂಪ ಇಲ್ಲೇ ಆದರೆ ಅಲೆ ಬರಲು ಕೆಲವೇ ನಿಮಿಷ ಸಾಕು, ಸೈರನ್ ಕೂಗುವವರೆಗೂ ಕಾಯಬಾರದು. ದಡದಲ್ಲಿರುವಾಗ ನೆಲ ಜೋರಾಗಿ ಅಥವಾ ತುಂಬಾ ಹೊತ್ತು ನಡುಗಿದರೆ, ಚೀಲ, ಚಪ್ಪಲಿ ಬಿಟ್ಟು ಎತ್ತರಕ್ಕೆ ಓಡಿ. ಸಣ್ಣಪುಟ್ಟ ನಡುಕ ಅಲ್ಲಿ ದಿನನಿತ್ಯದ ಸಂಗತಿ. ಪಾಹಲಾ ಕೆಳಗೆ ಮೂವತ್ತು ಕಿಲೋಮೀಟರಿಗೂ ಆಳದಲ್ಲಿ ಮ್ಯಾಗ್ಮಾ ಸೇರಿಕೊಳ್ಳುವ ಜಾಗದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸಾವಿರಾರು ಪುಟ್ಟ ಕಂಪನಗಳು ದಾಖಲಾಗಿವೆ.

ಬೂದಿಮಣ್ಣಿನ ಒಳ್ಳೆಯ ಮುಖ ನೋಡಬೇಕಾದರೆ ಪಾಹಲಾ ಮೇಲಿನ ತೋಟಗಳಿಗೆ ಹೋಗಬೇಕು. ನೂರಕ್ಕೂ ಹೆಚ್ಚು ವರ್ಷ ಇಲ್ಲಿ ಕಬ್ಬೇ ಕಬ್ಬು. ಜಪಾನ್, ಫಿಲಿಪ್ಪೀನ್ಸ್, ಪೋರ್ಚುಗಲ್ ಕಡೆಯಿಂದ ಬಂದ ಕೂಲಿಗಳ ಮಕ್ಕಳು ಮೊಮ್ಮಕ್ಕಳೇ ಇಂದಿನ ಊರಿನವರು. 1996ರಲ್ಲಿ ಸಕ್ಕರೆ ಕಾರ್ಖಾನೆ ಮುಚ್ಚಿತು, ಇಡೀ ದ್ವೀಪದಲ್ಲಿ ಅದೇ ಕೊನೆಯದು. ಕೆಲಸ ಕಳಕೊಂಡವರಲ್ಲಿ ಕೆಲವರು ಗುಡ್ಡದ ಮೇಲೆ ಕೆಲವು ಎಕರೆ ಗುತ್ತಿಗೆಗೆ ಹಿಡಿದು ಕಾಫಿ ನೆಟ್ಟರು. ಕಬ್ಬು ಕಡಿಯುವುದು ಗೊತ್ತಿತ್ತೇ ಹೊರತು ಕಾಫಿ ಹೊಸದು. ಆಗ ಹವಾಯಿ ಕಾಫಿ ಅಂದರೆ ಕೋನಾ ಅಷ್ಟೇ, ಕಾಊ ಹೆಸರು ಕೇಳಿದವರೇ ಇಲ್ಲ. 2007ರಲ್ಲಿ ಅಮೆರಿಕದ ವಿಶೇಷ ಕಾಫಿ ಸಂಘದ ರುಚಿ ಸ್ಪರ್ಧೆಯಲ್ಲಿ ಕಾಊ ಬೆಳೆಗಾರರ ಕಾಫಿ ಮೊದಲ ಹತ್ತರೊಳಗೆ ಬಂತು. ಅಲ್ಲಿಂದ ಅದರದೇ ಹೆಸರಿನಲ್ಲಿ ಮಾರಾಟ.

ನಮ್ಮ ಮಲೆನಾಡಿನವರು, ಕೊಡಗಿನವರು ಈ ತೋಟ ನೋಡಿದರೆ ಮೊದಲು ಕೇಳುವುದು, ನೆರಳಿನ ಮರ ಎಲ್ಲಿ ಅಂತ. ಹೆಚ್ಚಿನ ಕಡೆ ಇಲ್ಲ. ಮಧ್ಯಾಹ್ನವಾಗುತ್ತಲೇ ಬೆಟ್ಟಕ್ಕೆ ಮೋಡ ಕವಿಯುವುದರಿಂದ ಗಿಡಕ್ಕೆ ಬಿಸಿಲಿನ ಕಾಟ ಕಡಿಮೆ. ಎತ್ತರವೂ ನಮ್ಮ ಅರೇಬಿಕಾ ತೋಟಗಳಿಗಿಂತ ಕಡಿಮೆಯೇ. ಆದರೆ ಕಷ್ಟಗಳು ಮಾತ್ರ ಚಿಕ್ಕಮಗಳೂರಿನವೇ. ಹವಾಯಿಗೆ ಕಾಯಿಕೊರಕ ಹುಳು 2010ರಲ್ಲಿ ಕಾಲಿಟ್ಟಿತು, ಎಲೆ ತುಕ್ಕು ರೋಗ 2020ರಲ್ಲಿ. ಕೀಳುವ ಆಳು ಸಿಗುವುದಿಲ್ಲ ಅನ್ನುವ ಗೋಳೂ ಅದೇ. ತೋಟ ತೋರಿಸುವವರಿದ್ದರೆ ಹೋಗಿ ಮಾತಾಡಿ, ಅವರಿಂದಲೇ ನೇರ ಕಾಫಿ ಕೊಳ್ಳಿ. ಅಲ್ಲಿ ನೀವು ಖರ್ಚು ಮಾಡುವ ದುಡ್ಡಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಗಾಳಿಯ ವಿಷಯ ಸ್ವಲ್ಪ. ಕಿಲಾವೇಯಾ ಉಕ್ಕುವಾಗ ಗಂಧಕದ ಡೈಆಕ್ಸೈಡ್ ಹೊರಬರುತ್ತದೆ. ಬಿಸಿಲು ಮತ್ತು ತೇವದ ಜೊತೆ ಸೇರಿ ಅದು ಆಮ್ಲದ ಸೂಕ್ಷ್ಮ ಹನಿಗಳ ಮಬ್ಬಾಗುತ್ತದೆ, ಅಲ್ಲಿ ಅದಕ್ಕೆ ವಾಗ್ ಅನ್ನುತ್ತಾರೆ. ಅಲ್ಲಿ ವರ್ಷದ ಹೆಚ್ಚು ಕಾಲ ಗಾಳಿ ಈಶಾನ್ಯದಿಂದ. ಹಾಗಾಗಿ ಆ ಮಬ್ಬು ಮೊದಲು ಬಂದು ಬೀಳುವುದು ಕಾಊ ಮೇಲೆ. ಜ್ವಾಲಾಮುಖಿಯ ನೈರುತ್ಯಕ್ಕಿರುವ ಕಾಊ ಮರುಭೂಮಿಯಲ್ಲಿ ಬರುವುದು ಆಮ್ಲದ ಮಳೆ, ಗಿಡ ಏಳುವುದು ಕಷ್ಟ. ಅಲ್ಲೇ ಗಟ್ಟಿಯಾದ ಬೂದಿಯಲ್ಲಿ ಹಳೇ ಕಾಲದವರ ಹೆಜ್ಜೆಗುರುತುಗಳಿವೆ. 1790ರಲ್ಲಿ ಕಾಊ ದೊರೆ ಕೆಯೋವಾನ ಸೈನ್ಯದ ಒಂದು ಭಾಗ ಕಿಲಾವೇಯಾ ಸ್ಫೋಟಕ್ಕೆ ಸಿಕ್ಕಿ ಸತ್ತಿತು. ಆಸ್ತಮಾ ಇರುವವರು, ಮಕ್ಕಳನ್ನು ಕರೆದುಕೊಂಡು ಹೋಗುವವರು ಆ ದಿನದ ಗಾಳಿಯ ಗುಣಮಟ್ಟ ನೋಡಿಕೊಂಡು ಹೊರಡಿ.

ಖಾಲಿ ಕರಾವಳಿ ತಾನಾಗಿ ಖಾಲಿ ಉಳಿದಿಲ್ಲ

ಹೋಟೆಲ್ ಯಾಕಿಲ್ಲ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಜ್ವಾಲಾಮುಖಿ. ಲಾವಾ ಅಪಾಯದ ಲೆಕ್ಕದಲ್ಲಿ ದ್ವೀಪವನ್ನು ಒಂಬತ್ತು ವಲಯ ಮಾಡಿದ್ದಾರೆ, ಓಷನ್ ವ್ಯೂ ಬಡಾವಣೆಯ ಬಹುಪಾಲು ಅತಿ ಅಪಾಯದ ವಲಯಗಳಲ್ಲಿದೆ. ಹತ್ತು ಸಾವಿರಕ್ಕೂ ಹೆಚ್ಚು ಸೈಟುಗಳನ್ನು ಅಲ್ಲಿ ಬರಿ ಲಾವಾ ಮೇಲೆ ಗೆರೆ ಎಳೆದು ಮಾರಿದ್ದರು. ಇಂದಿಗೂ ಹೆಚ್ಚಿನ ಮನೆಗಳು ಮಳೆನೀರಿನ ತೊಟ್ಟಿಯನ್ನೇ ನಂಬಿವೆ. ಸರ್ಕಾರಿ ಬಾವಿಯಿಂದ ನೀರು ತುಂಬಿಕೊಳ್ಳುವ ವ್ಯವಸ್ಥೆ ಬಂದದ್ದೇ 2012ರಲ್ಲಿ.

ಇನ್ನರ್ಧ ಉತ್ತರ ಊರಿನ ಜನ. ಪುನಲೂವಿನಲ್ಲಿ 1970ರ ದಶಕದಲ್ಲಿ ಗಾಲ್ಫ್ ಮೈದಾನ, ರೆಸಾರ್ಟ್ ಶುರುವಾಗಿತ್ತು. ಅದನ್ನು ದೊಡ್ಡದು ಮಾಡುವ ಯೋಜನೆಗಳು ಬಂದಾಗಲೆಲ್ಲ ಊರಿನವರು ಸಭೆಗಳಿಗೆ ಹೋಗಿ ಬೇಡ ಅಂದಿದ್ದಾರೆ. ಕಹೂಕು ಅನ್ನುವ ದೊಡ್ಡ ದನದ ಫಾರಂ, 1,16,000 ಎಕರೆ, 2003ರಲ್ಲಿ ಹವಾಯಿ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ರೆಸಾರ್ಟ್ ಕಟ್ಟಬೇಕು ಅಂತ ಹಲವರು ಕಣ್ಣಿಟ್ಟಿದ್ದ ಪೊಹುವೆ ಕೊಲ್ಲಿಯ 16,000ಕ್ಕೂ ಹೆಚ್ಚು ಎಕರೆ 2022ರಲ್ಲಿ ಸೇರಿತು. ಇದೇ ಕರಾವಳಿಯ ಕಾಮಿಲೋ ಬೀಚಿಗೆ ಸಾಗರದ ಸುಳಿ ಎಲ್ಲೆಲ್ಲಿಯದೋ ಪ್ಲಾಸ್ಟಿಕ್ ತಂದು ಹಾಕುತ್ತದೆ. ಸ್ವಯಂಸೇವಕರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅದನ್ನು ಹೆಕ್ಕುತ್ತಲೇ ಇದ್ದಾರೆ. ಅಲ್ಲಿ ಕ್ಯಾಂಪಿನ ಬೆಂಕಿಗೆ ಕರಗಿದ ಪ್ಲಾಸ್ಟಿಕ್ ಲಾವಾ ಚೂರು, ಮರಳಿನ ಜೊತೆ ಅಂಟಿ ಕಲ್ಲಾಗಿದೆ. 2014ರಲ್ಲಿ ವಿಜ್ಞಾನಿಗಳು ಅದಕ್ಕೆ ಪ್ಲಾಸ್ಟಿಗ್ಲಾಮರೇಟ್ ಅಂತ ಹೆಸರಿಟ್ಟರು. ಪಾಹಲಾ ಮೇಲಿನ ಕಣಿವೆಯಲ್ಲಿ ಒಂದು ಟಿಬೆಟನ್ ಗುಡಿಯೂ ಇದೆ, 1980ರಲ್ಲಿ ದಲೈ ಲಾಮಾ ಅಲ್ಲಿಗೆ ಬಂದಿದ್ದರು. ಬೈಲುಕುಪ್ಪೆ ನೋಡಿದವರಿಗೆ ಅದರ ಬಣ್ಣಗಳು ಪರಿಚಯದವು ಅನ್ನಿಸುತ್ತವೆ.

ಹೋಗುವವರಿಗೆ ಕೊನೆಯದಾಗಿ ಕೆಲವು ಮಾತು. ವಿಮಾನ ಇಳಿಯುವುದು ಹೀಲೋ ಅಥವಾ ಕೋನಾದಲ್ಲಿ, ಎರಡೂ ಕಡೆಯಿಂದ ಕಾಊಗೆ ಒಂದರಿಂದ ಎರಡು ಗಂಟೆ ದಾರಿ. ಬಸ್ಸು ಇದೆ, ದಿನಕ್ಕೆ ಕೆಲವೇ. ಬಾಡಿಗೆ ಕಾರಿದ್ದರೆ ಅನುಕೂಲ. ಪೆಟ್ರೋಲ್ ಬಂಕು, ಅಂಗಡಿ ಕಡಿಮೆ, ಬೇಗ ಮುಚ್ಚುತ್ತವೆ, ಮೊಬೈಲ್ ಸಿಗ್ನಲ್ ನಡುನಡುವೆ ಇರುವುದಿಲ್ಲ. ನಾಲೇಹುವಿನಲ್ಲಿ ಪೋರ್ಚುಗೀಸರು ತಂದ ಮಲಸಾಡ ಸಿಗುತ್ತದೆ, ಎಣ್ಣೆಯಲ್ಲಿ ಕರಿದ ಸಿಹಿ ಬನ್ನು, ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ, ಸಸ್ಯಾಹಾರಿಗಳು ಕೇಳಿ ತಗೊಳ್ಳಿ. ದ್ವೀಪ ಸುತ್ತುವ ದಾರಿಯಲ್ಲಿ ಕಾಊಗೆ ಅರ್ಧ ದಿನ ಕೊಟ್ಟು ದಾಟಿಹೋಗುವವರೇ ಹೆಚ್ಚು. ಒಂದು ರಾತ್ರಿಯಾದರೂ ಅಲ್ಲೇ ಉಳಿಯಿರಿ, ಬೆಳಿಗ್ಗೆ ಬೇಗ ಪಪಕೋಲೆಯಾ ಮುಗಿಸಿ, ಮಧ್ಯಾಹ್ನ ತೋಟದ ಕಡೆ ಹೋಗಿ, ಬಿಸಿಲಿಳಿದ ಮೇಲೆ ಪುನಲೂ. ಹೊರಡುವ ಹಿಂದಿನ ದಿನ ಹವಾಯಿ ಜ್ವಾಲಾಮುಖಿ ವೀಕ್ಷಣಾಲಯದ ಪ್ರಕಟಣೆ ಓದಿ, ಏಕೆಂದರೆ ಕಿಲಾವೇಯಾ ಎದ್ದ ದಿನ ಗಾಳಿ ಈ ಕಡೆ ತಿರುಗಿದ್ದರೆ ಹೆದ್ದಾರಿಯ ಮೇಲೂ ಬೂದಿ ಬೀಳುತ್ತದೆ.